ನಾಟ್ಯವಿದುಷಿ ಕೆ. ವೆಂಕಟಲಕ್ಷಮ್ಮನವರು

ಕುಣಿತ ಕಲ್ಲಿನಲ್ಲಿ ಉಳಿದಷ್ಟು ದಿನ ಕುಣಿದವರ ಹೆಸರು ಉಳಿಯುವುದಿಲ್ಲ. ಈ ಮಾತಿಗೆ ಸಾಕ್ಷಿ ಹುಡುಕಲು ನಮ್ಮ ಸೀಮೆಯವರು ದೂರ ಹೋಗಬೇಕಾಗಿಲ್ಲ. ಬಾದಾಮಿಯ ಮೊದಲನೆಯ ಗವಿಯ ಬಾಗಿಲ ಬಲಕ್ಕೆ 18 ಕೈಗಳ ನಟರಾಜನು ಹದಿನಾಲ್ಕು ಶತಮಾನಗಳಿಂದ ಕುಣಿಯುತ್ತಲೇ ಇದ್ದಾನೆ. ಐಹೊಳೆಯ ರಾವಣಫಡಿಯಲ್ಲಿ ಸಪ್ತಮಾತೃಕೆಯರ ನಡುವೆ ಶಿವನು ಹೆಜ್ಜೆ ಎತ್ತಿದ್ದಾನೆ. ಪಟ್ಟದಕಲ್ಲಿನ ಗುಡಿಗಳ ಗೋಡೆಗಳಲ್ಲಿಯೂ ಕಂಬಗಳಲ್ಲಿಯೂ ನರ್ತಿಸುವ ಮೂರ್ತಿಗಳಿಗೆ ಕೊರತೆಯಿಲ್ಲ. ಆ ಸೊಂಟದ ಬಳುಕನ್ನು, ಆ ಬೆರಳಿನ ಕೊಂಕನ್ನು ಕಂಡರಿಸಿದ ಶಿಲ್ಪಿಯ ಕಣ್ಣಮುಂದೆ ಯಾರೋ ಒಬ್ಬರು ನಿಜವಾಗಿ ಕುಣಿದಿರಲೇಬೇಕು. ಅವರು ಯಾರು? ಯಾರಿಂದ ಕಲಿತರು? ಯಾರಿಗೆ ಕಲಿಸಿದರು? ಕಲ್ಲು ಮೂಕವಾಗಿದೆ.

ಪೂರ್ಣ ಮೂಕವೆಂದೂ ಹೇಳುವಂತಿಲ್ಲ. ಪಟ್ಟದಕಲ್ಲಿನ ಒಂದು ಶಾಸನವು ಅಚಲನೆಂಬ ನಟನನ್ನು ಭರತನ ಶಾಸ್ತ್ರ ಬಲ್ಲವನೆಂದು ಹೊಗಳುತ್ತದೆ. ಮಹಾಕೂಟದ ಶಾಸನವೊಂದು ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿಯ ಹೆಸರನ್ನು ಕಾಪಾಡಿದೆ. ಇತಿಹಾಸಕಾರರು ಗಣಿಕೆಯೆಂದು ಗುರುತಿಸುವ ಈ ಹೆಣ್ಣುಮಗಳು ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಅರ್ಪಿಸಿದಳು. ಆಕೆಯ ಹೆಸರು ಉಳಿದದ್ದು ಆ ದಾನದಿಂದ. ಆಕೆಯಲ್ಲಿ ಯಾವ ವಿದ್ಯೆಯಿತ್ತೆಂಬುದನ್ನು ಬರೆದಿಡಬೇಕೆಂದು ಶಾಸನ ಬರೆಯಿಸಿದವರಿಗೆ ತೋರಲಿಲ್ಲ.

ಆದುದರಿಂದ, ವಿದ್ಯೆಯ ಬಲದಿಂದಲೇ ಹೆಸರು ಉಳಿಸಿಕೊಂಡ ನರ್ತಕಿಯೊಬ್ಬರ ಬಾಳನ್ನು ನಮ್ಮ ವಾರ್ಷಿಕ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನನಗೆ ಅನಿಸಿತು. ಅವರು ಮೈಸೂರಿನ ಕೆ. ವೆಂಕಟಲಕ್ಷಮ್ಮನವರು. ಅವರು ತೀರಿಕೊಂಡು ಇಪ್ಪತ್ತು ವರುಷಗಳ ಮೇಲಾಯಿತು. ಮೈಸೂರು, ಬೆಂಗಳೂರುಗಳ ಕಲಾವಿದರು ಅವರ ಹೆಸರನ್ನು ಭಕ್ತಿಯಿಂದ ನೆನೆಯುತ್ತಾರೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಮಾತ್ರ ಅವರನ್ನು ಬಲ್ಲವರು ವಿರಳ. ಗಂಗೂಬಾಯಿ ಹಾನಗಲ್ಲರು ನಮಗೆ ಗೊತ್ತು. ನಮ್ಮ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ ಮುಂಬಯಿಯ ಚಿತ್ರರಂಗದಲ್ಲಿ ಹಾಡಿ ಮೆರೆದ ಅಮೀರಬಾಯಿ ಕರ್ನಾಟಕಿಯವರೂ ಗೊತ್ತು. ನಾಟ್ಯದ ಮಾತು ಬಂದಾಗ ನಾವು ಶಿಲಾಬಾಲಿಕೆಯರನ್ನು ಹೊಗಳಿ ಸುಮ್ಮನಾಗುತ್ತೇವೆ.

ಈ ಜೀವನವನ್ನೇ ನಾನು ಆಯ್ದುಕೊಳ್ಳಲು ಇನ್ನೊಂದು ಕಾರಣವೂ ಉಂಟು. ನನ್ನ ಊರು ರಾಮಥಾಳ. ನಮ್ಮ ಸುತ್ತಿನ ಸೀಮೆಯಲ್ಲಿ ಲಂಬಾಣಿ ತಾಂಡಾಗಳಿವೆ. ದೀಪಾವಳಿಯ ರಾತ್ರಿ ತಾಂಡಾದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಮೇರಾ ಹೇಳುತ್ತ ಹೋಗುವುದನ್ನೂ, ಕನ್ನಡಿ ಬಿಲ್ಲೆಗಳ ಲಂಗ ತೊಟ್ಟ ಹೆಂಗಸರು ವರ್ತುಲವಾಗಿ ನಿಂತು ಬಾಗಿ ಬಾಗಿ ಕುಣಿಯುವುದನ್ನೂ ಚಿಕ್ಕಂದಿನಿಂದ ಕಂಡಿದ್ದೇನೆ. ನನ್ನ ಸಂಗಡ ಕನ್ನಡ ಶಾಲೆಯಲ್ಲಿ ಓದಿದ ತಾಂಡಾದ ಹುಡುಗಿಯರಲ್ಲಿ ಕಾಲೇಜಿನವರೆಗೆ ಬಂದವರು ಒಬ್ಬಿಬ್ಬರು ಮಾತ್ರ. ಉಳಿದವರು ತಂದೆತಾಯಿಗಳ ಹಿಂದೆ ಕಬ್ಬು ಕಡಿಯಲೋ, ಗೋವೆಯ ಕಡೆಗೆ ಕೂಲಿಗೋ ಹೋದರು. ವೆಂಕಟಲಕ್ಷಮ್ಮನವರೂ ಇಂಥದೇ ಒಂದು ತಾಂಡಾದ ಮಗಳು. ಈ ಸಂಗತಿ ತಿಳಿದ ದಿನದಿಂದ ಅವರ ಜೀವನ ನನಗೆ ಬರಿಯ ಕಲಾವಿದೆಯೊಬ್ಬರ ಚರಿತ್ರೆಯಾಗಿ ಉಳಿಯಲಿಲ್ಲ.

ವೆಂಕಟಲಕ್ಷಮ್ಮನವರು 1906ನೆಯ ಇಸವಿಯ ಮೇ 29ರಂದು ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ಬಳಿಯ ತಂಗಲಿ ತಾಂಡಾದಲ್ಲಿ ಜನಿಸಿದರು. ಲಂಬಾಣಿಗಳ ಪೂರ್ವಚರಿತ್ರೆ ನಮ್ಮಲ್ಲಿ ಅನೇಕರಿಗೆ ತಿಳಿದದ್ದೇ. ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶದಿಂದ ದೇಶಕ್ಕೆ ಸಾಗುತ್ತಿದ್ದ ಜನ ಅವರು. ದಖ್ಖನಿನ ದಂಡುಗಳಿಗೆ ಧಾನ್ಯ ಒದಗಿಸಿದವರೂ ಅವರೇ. ರೈಲು ಬಂದ ಮೇಲೆ ಅವರ ಎತ್ತುಗಳಿಗೆ ಕೆಲಸ ತಪ್ಪಿತು. ಊರುಗಳ ಹೊರಗೆ, ಗುಡ್ಡಗಳ ಓರೆಯಲ್ಲಿ ತಾಂಡಾಗಳನ್ನು ಕಟ್ಟಿಕೊಂಡು ನಿಂತರು. ಅವರ ಮನೆಮಾತು ಗೋರಬೋಲಿಗೆ ಸ್ವಂತ ಲಿಪಿಯಿಲ್ಲ. ಹಾಡು, ಕುಣಿತ, ಕಸೂತಿ ಇವೇ ಅವರ ಪುಸ್ತಕ.

ಇಂಥ ಜನಾಂಗದ ಹುಡುಗಿಯೊಬ್ಬಳು ಮೈಸೂರಿನ ಶಾಸ್ತ್ರೀಯ ನಾಟ್ಯದ ಮನೆಗೆ ತಲುಪಿದ್ದು ಅಜ್ಜ ಅಜ್ಜಿಯರ ದೆಸೆಯಿಂದ. ಹುಡುಗಿಗೆ ಎಂಟು ವರುಷ ತುಂಬಿದಾಗ ಅವರು ಆಕೆಯನ್ನು ಮೈಸೂರಿಗೆ ಕರೆತಂದು, ಆಸ್ಥಾನದ ಪ್ರಸಿದ್ಧ ನರ್ತಕಿ ಜಟ್ಟಿ ತಾಯಮ್ಮನವರಿಗೆ ಒಪ್ಪಿಸಿದರು. 1914ರ ಸುಮಾರಿನ ಮಾತಿದು. ಅಂದಿನ ತಾಂಡಾಗಳಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ಅಪರೂಪವಾಗಿತ್ತು. ಅಂಥ ದಿನಗಳಲ್ಲಿ ಮೊಮ್ಮಗಳ ಕೈಹಿಡಿದು ರಾಜಧಾನಿಯ ವಿದುಷಿಯ ಮನೆ ಬಾಗಿಲಿಗೆ ಬಂದ ಆ ಹಿರಿಯರ ಧೈರ್ಯವನ್ನು ನಾವು ಚಿಕ್ಕದೆಂದು ಎಣಿಸಲಾಗದು.

ಗುರುವಿನ ಪರಿಚಯವಿಲ್ಲದೆ ಶಿಷ್ಯೆಯ ಕತೆ ಮುಂದೆ ಸಾಗದು. ಜಟ್ಟಿ ತಾಯಮ್ಮನವರು 1857ರಲ್ಲಿ ಜನಿಸಿದವರು. ಜಟ್ಟಿಯೆಂಬ ಮಾತೇ ಹೇಳುವಂತೆ ಅದು ಮಲ್ಲಯುದ್ಧದ ಮನೆತನ. ತಂದೆಯವರು ಮೈಸೂರು ಅರಮನೆಯ ಜಟ್ಟಿಗಳು. ಗರಡಿಯ ಮನೆಯಲ್ಲಿ ಹುಟ್ಟಿದ ಮಗಳು ಮೈಯ ಬಲವನ್ನು ಬಿಟ್ಟು ಕಣ್ಣಿನ ಬಲವನ್ನು ನೆಚ್ಚಿದಳು. ಮೈಸೂರಿನಲ್ಲಿ ನಾಟ್ಯಕ್ಕೆ ಆಗಲೇ ಒಂದು ಪರಂಪರೆ ಬೆಳೆದಿತ್ತು. ತಂಜಾವೂರಿನ ನಾಲ್ವರು ಪ್ರಸಿದ್ಧ ಸೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು ನೆಲೆಸಿದ್ದರು. ಅಲ್ಲಿಂದ ಮುಂದೆ ಅರಮನೆಯ ಸಂಗೀತಗಾರರು, ಸಂಸ್ಕೃತ ಪಂಡಿತರು, ನಾಟ್ಯಾಚಾರ್ಯರು ಕೂಡಿ ಬೆಳೆಸಿದ ಪದ್ಧತಿಯನ್ನೇ ಮೈಸೂರು ಶೈಲಿಯೆಂದು ಕರೆಯುತ್ತಾರೆ. ಆ ಶೈಲಿಯ ಜೀವ ಅಭಿನಯದಲ್ಲಿದೆ. ಆ ಅಭಿನಯಕ್ಕೆ ತಾಯಮ್ಮನವರ ಕಾಲದಲ್ಲಿ ಅವರೇ ಪ್ರಮಾಣವೆಂಬಂತೆ ಇದ್ದರು. ನಾಟ್ಯ ಸರಸ್ವತಿಯೆಂಬ ಬಿರುದು ಅವರಿಗೆ ಸಂದಿತ್ತು.

ಎಂಟು ವರುಷದ ಹುಡುಗಿ ಬಂದಾಗ ತಾಯಮ್ಮನವರಿಗೆ 57 ವರುಷ. ಗುರುಕುಲವೆಂದರೆ ಗುರುವಿನ ಮನೆಯಲ್ಲಿಯೇ ಇದ್ದು, ಗುರುವಿನ ಕಣ್ಣಿನ ಕೆಳಗೆ ಬೆಳೆಯುವುದು. ಇಂದು ನಮಗೆ ತಾಸಿಗೊಂದು ವಿಷಯ, ವಾರಕ್ಕೊಂದು ವೇಳಾಪತ್ರಿಕೆ. ಅಲ್ಲಿ ವೇಳೆಯ ಗಂಟೆ ಬಾರಿಸುವವರಿರಲಿಲ್ಲ. ನಾಲ್ಕು ವರುಷಗಳ ಶಿಕ್ಷಣವಾದ ಮೇಲೆ, ಹನ್ನೆರಡನೆಯ ವಯಸ್ಸಿನಲ್ಲಿ, ವೆಂಕಟಲಕ್ಷಮ್ಮನವರ ರಂಗಪ್ರವೇಶವಾಯಿತು. ರಂಗಪ್ರವೇಶವಾದರೆ ಕಲಿಕೆ ಮುಗಿಯಿತೆಂದು ಇಂದು ಅನೇಕರು ತಿಳಿಯುತ್ತಾರೆ. ವೆಂಕಟಲಕ್ಷಮ್ಮನವರ ಪಾಲಿಗೆ ಅದು ಕಲಿಕೆಯ ಆರಂಭ. ಅವರು ಆಮೇಲೆಯೂ ಹಲವು ದಶಕಗಳ ಕಾಲ ಗುರುವಿನ ಜೊತೆಯಲ್ಲಿದ್ದು, ಗುರುವಿನ ಸಂಗಡವೇ ರಂಗವನ್ನು ಏರಿದರು.

ನಾಟ್ಯದ ಪಾಠದ ಜೊತೆಗೆ ಬೇರೆ ಪಾಠಗಳೂ ನಡೆದವು. ಆಸ್ಥಾನ ವಿದ್ವಾಂಸರಾದ ದೇವೋತ್ತಮ ಜೋಯಿಸರು, ಶಾಂತಾ ಶಾಸ್ತ್ರಿಗಳು, ಗಿರಿಭಟ್ಟರು ಇವರಲ್ಲಿ ಅವರು ಸಂಸ್ಕೃತವನ್ನು ಓದಿದರು. ಬಿ. ದೇವೇಂದ್ರಪ್ಪನವರಲ್ಲಿಯೂ ಸಿ. ರಾಮರಾಯರಲ್ಲಿಯೂ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದರು. ಕುಣಿಯುವವರಿಗೆ ಸಂಸ್ಕೃತವೇಕೆ ಎಂದು ನನ್ನ ಸಹಪಾಠಿಗಳು ಕೇಳಬಹುದು. ಇದಕ್ಕೆ ಉತ್ತರ ಹೇಳಲು ಅಭಿನಯವೆಂದರೇನೆಂಬುದನ್ನು ತುಸು ಬಿಡಿಸಿ ನೋಡಬೇಕು.

ನಮ್ಮ ಶಾಸ್ತ್ರಕಾರರು ನರ್ತನದಲ್ಲಿ ನೃತ್ತ, ನೃತ್ಯವೆಂದು ಎರಡು ಬಗೆ ಮಾಡಿದ್ದಾರೆ. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿ ಅಂಗಗಳನ್ನು ಚೆಲುವಾಗಿ ಆಡಿಸುವುದು ನೃತ್ತ. ಅದಕ್ಕೆ ಅರ್ಥದ ಹಂಗಿಲ್ಲ. ಹಾಡಿನ ಅರ್ಥವನ್ನೂ ಭಾವವನ್ನೂ ಕೈ, ಮುಖ, ಕಣ್ಣುಗಳಿಂದ ತೋರಿಸುವುದು ನೃತ್ಯ. ಈ ಎರಡನೆಯದರ ಪ್ರಾಣವೇ ಅಭಿನಯ. ನಂದಿಕೇಶ್ವರನ ಅಭಿನಯ ದರ್ಪಣವು ತಲೆಗೆ 9 ಚಲನೆಗಳನ್ನೂ, ಕಣ್ಣಿಗೆ 8 ನೋಟಗಳನ್ನೂ, ಕೊರಳಿಗೆ 4 ಚಲನೆಗಳನ್ನೂ, ಒಂಟಿ ಕೈಗೆ 28 ಮುದ್ರೆಗಳನ್ನೂ ಹೇಳುತ್ತದೆ. ಎಣಿಕೆ ಕೇಳಿದರೆ ಕೆಲವು ತಿಂಗಳಲ್ಲಿ ಕಲಿತುಬಿಡಬಹುದೆಂದು ತೋರುತ್ತದೆ. ಕಷ್ಟವಿರುವುದು ಮುಂದೆ. ಬೆರಳುಗಳನ್ನೆಲ್ಲ ನೀಡಿ ಹೆಬ್ಬೆರಳನ್ನು ಮಡಚಿದರೆ ಪತಾಕ ಹಸ್ತವಾಗುತ್ತದೆ. ಆ ಒಂದೇ ಹಸ್ತವು ಮೋಡವನ್ನೂ ತೋರಿಸಬೇಕು, ಅಡವಿಯನ್ನೂ ತೋರಿಸಬೇಕು. ರಾತ್ರಿ, ನದಿ, ಗಾಳಿ, ಕುದುರೆ ಇವೆಲ್ಲವೂ ಅದರಲ್ಲಿಯೇ ಮೂಡಬೇಕು. ಯಾವುದು ನದಿ, ಯಾವುದು ಗಾಳಿಯೆಂಬುದನ್ನು ಕೈಯ ನಡೆ ಹೇಳಬೇಕು, ಕೈಯ ಹಿಂದೆ ಹೋಗುವ ಕಣ್ಣು ಹೇಳಬೇಕು. ಕಣ್ಣು ಸುಳ್ಳಾದರೆ ಕೈ ಬರಿಯ ಕೈಯಾಗಿ ಉಳಿಯುತ್ತದೆ.

ಇನ್ನೂ ಮುಂದಿನ ಮೆಟ್ಟಿಲೊಂದಿದೆ. ಹಾಡುವವರು ಒಂದೇ ಸಾಲನ್ನು ತಿರುತಿರುಗಿ ಹಾಡುತ್ತಾರೆ. ಪ್ರತಿಸಲವೂ ಅಭಿನಯಿಸುವವರು ಅದೇ ಮಾತಿನಿಂದ ಹೊಸ ಅರ್ಥವನ್ನು ಹೊರಡಿಸಬೇಕು. ಇದಕ್ಕೆ ಸಂಚಾರಿಯೆಂದು ಹೆಸರು. ಬಂದನೇ ಎಂಬ ಒಂದು ಸಾಮಾನ್ಯ ಮಾತನ್ನೇ ತೆಗೆದುಕೊಳ್ಳೋಣ. ಪೇಟೆಗೆ ಹೋದ ಮಗ ಕತ್ತಲಾದರೂ ಬಾರದಿದ್ದಾಗ ಬಾಗಿಲಲ್ಲಿ ನಿಂತ ತಾಯಿ ಈ ಮಾತನ್ನು ಹೇಳುವ ರೀತಿ ಒಂದು. ಸಾಲಗಾರನ ಹೆಜ್ಜೆ ಸಪ್ಪಳ ಕೇಳಿದ ಮನೆಯೊಡತಿ ಹೇಳುವ ರೀತಿ ಮತ್ತೊಂದು. ರಾತ್ರಿಯೆಲ್ಲ ಕಾದು ಬೇಸತ್ತು, ಬೆಳಗಾದ ಮೇಲೆ ಬಂದ ಗಂಡನನ್ನು ಕಂಡು ಹೆಂಡತಿ ಹೇಳುವ ರೀತಿ ಬೇರೆಯೇ. ಅಭಿನಯಿಸುವವರ ಬಾಯಿಂದ ಮಾತು ಹೊರಡದೆ ಇವೆಲ್ಲ ಎದುರು ಕುಳಿತವರಿಗೆ ತಿಳಿಯಬೇಕು. ಕಾವ್ಯದಲ್ಲಿ ನಾವು ಅಷ್ಟನಾಯಿಕೆಯರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಅಭಿನಯದವರು ಖಂಡಿತೆಯ ಸಿಟ್ಟಿಗೂ ಕಲಹಾಂತರಿತೆಯ ಪಶ್ಚಾತ್ತಾಪಕ್ಕೂ ಹುಬ್ಬಿನ ಎಷ್ಟು ಅಂತರವೆಂಬುದನ್ನು ಕಲಿಯಬೇಕಾಗುತ್ತದೆ.

ಇದರಿಂದ ಸಂಸ್ಕೃತವೇಕೆಂಬ ಪ್ರಶ್ನೆಗೆ ಉತ್ತರ ದೊರೆಯಿತು. ಜಯದೇವನ ಅಷ್ಟಪದಿಗಳು, ಅಮರುಕನ ಶ್ಲೋಕಗಳು, ಕೃಷ್ಣಕರ್ಣಾಮೃತ, ತೆಲುಗಿನಲ್ಲಿ ಕ್ಷೇತ್ರಜ್ಞನ ಪದಗಳು, ಜಾವಳಿಗಳು, ಇವು ಮೈಸೂರು ಅಭಿನಯದ ಭಂಡಾರ. ಮಾತಿನ ಒಳಹೊರಗನ್ನು ಬಲ್ಲವರಿಗೆ ಮಾತ್ರ ಅದರಿಂದ ಹತ್ತು ಅರ್ಥಗಳನ್ನು ಬಿಡಿಸಲು ಬಂದೀತು. ಲಿಪಿಯಿಲ್ಲದ ಮನೆಮಾತಿನ ಜನಾಂಗದಿಂದ ಬಂದವರು ಕನ್ನಡ, ಸಂಸ್ಕೃತ, ತೆಲುಗು ಈ ಮೂರರ ಸಾಹಿತ್ಯವನ್ನು ಕಣ್ಣಿನಲ್ಲಿಯೂ ಬೆರಳಿನಲ್ಲಿಯೂ ಓದಿಸುವ ಮಟ್ಟಕ್ಕೆ ಏರಿದರು. ಇದು ಹುಟ್ಟಿನಿಂದ ಬಂದ ವರವೆಂದು ನಾನು ನಂಬಲಾರೆ. ಮೂವತ್ತು ವರುಷ ಗುರುವಿನ ಬಳಿ ಕೂತು ಎದ್ದವರ ಸಾಧನೆ ಅದು. ಮೈಸೂರಿನ ಪದ್ಧತಿಯಲ್ಲಿ ನೆಲದ ಮೇಲೆ ಕುಳಿತೇ ಅಭಿನಯಿಸುವ ಕ್ರಮವೂ ಉಂಟು. ಕಾಲಿಗೆ ಕೆಲಸವಿಲ್ಲ; ಸೊಂಟದ ಮೇಲಿನ ಅರ್ಧ ದೇಹದಲ್ಲಿ ಲೋಕವನ್ನೆಲ್ಲ ಕಟ್ಟಬೇಕು. ಆದುದರಿಂದಲೇ ಈ ವಿದ್ಯೆ ವಯಸ್ಸಾದಂತೆ ಕುಂದುವುದಿಲ್ಲ, ಮಾಗುತ್ತದೆ.

ವೆಂಕಟಲಕ್ಷಮ್ಮನವರು ಕಲಿತು ಬೆಳೆದ ಕಾಲ ನಾಟ್ಯಕ್ಕೆ ಒಳ್ಳೆಯ ಕಾಲವಾಗಿರಲಿಲ್ಲ. ಕುಣಿಯುವವಳು ಎಂಬ ಮಾತೇ ಬೈಗುಳವಾಗಿದ್ದ ಕಾಲವದು. ಮೈಸೂರು ಸರಕಾರವು ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು 1909ರಲ್ಲಿ ನಿಲ್ಲಿಸಿತು. ನಮ್ಮ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಇಲ್ಲಿ 1934ರಲ್ಲಿ ದೇವದಾಸಿಯರ ರಕ್ಷಣೆಯ ಕಾಯಿದೆ ಬಂದಿತು. ಮುಂದೆ 1982ರಲ್ಲಿ ಕರ್ನಾಟಕ ಸರಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ಮಾಡಬೇಕಾಯಿತು. ಇವು ಏಕೆ ಬೇಕಾದವೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಳೆಯ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಲಿಗೊಡುವ ಪದ್ಧತಿ ಅಳಿಯಲೇಬೇಕಾಗಿತ್ತು. ಆದರೆ ಕೆಟ್ಟ ಪದ್ಧತಿಯನ್ನು ಕೀಳುವ ಭರದಲ್ಲಿ ಸಮಾಜವು ಆ ಹೆಣ್ಣುಮಕ್ಕಳಲ್ಲಿದ್ದ ವಿದ್ಯೆಯನ್ನೂ ಕಳೆಯೆಂದೇ ಎಣಿಸಿತು. ಅರಮನೆಯ ಕಲಾವಿದೆಯರಿಗೂ ಆ ನೆರಳು ತಪ್ಪಲಿಲ್ಲ. ಮರ್ಯಾದಸ್ಥರು ನಾಟ್ಯ ನೋಡುತ್ತಿದ್ದರು, ಮೆಚ್ಚುತ್ತಿದ್ದರು. ಮನೆಯ ಮಗಳಿಗೆ ಕಲಿಸಲು ಮಾತ್ರ ಒಪ್ಪುತ್ತಿರಲಿಲ್ಲ.

ಇದೇ ಸಮಯದಲ್ಲಿ ಮದ್ರಾಸಿನಲ್ಲಿ ಗಾಳಿ ಬದಲಾಗುತ್ತಿತ್ತು. 1930ರ ಬಳಿಕ ಅಲ್ಲಿಯ ಸಂಗೀತ ಅಕಾಡೆಮಿಯವರು ನಾಟ್ಯವನ್ನು ತಮ್ಮ ವೇದಿಕೆಗೆ ತಂದರು. ರುಕ್ಮಿಣೀದೇವಿ ಅರುಂಡೇಲರು 1935ರಲ್ಲಿ ತಾವೇ ರಂಗವನ್ನೇರಿ, 1936ರಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಶೃಂಗಾರದ ಭಾಗವನ್ನು ತಗ್ಗಿಸಿ ಭಕ್ತಿಯನ್ನು ಎತ್ತಿಹಿಡಿದರೆ ನಾಟ್ಯಕ್ಕೆ ಮರ್ಯಾದೆ ಬರುವುದೆಂಬುದು ಒಂದು ಪಕ್ಷ. ಶೃಂಗಾರವನ್ನು ತೆಗೆದರೆ ಅಭಿನಯದ ಉಸಿರೇ ಹೋಗುವುದೆಂಬುದು ಬಾಲಸರಸ್ವತಿಯವರ ಪಕ್ಷ. ವೆಂಕಟಲಕ್ಷಮ್ಮನವರು ಈ ವಾದಕ್ಕೆ ಇಳಿಯದೆ, ಗುರುವಿನಿಂದ ಬಂದ ಪದಗಳನ್ನೂ ಜಾವಳಿಗಳನ್ನೂ ಬಿಡದೆ ಅಭಿನಯಿಸಿದರು. ಶೃಂಗಾರದ ಗೌರವವಿರುವುದು ತೋರಿಸುವವರ ಹದದಲ್ಲಿ ಎಂಬುದಕ್ಕೆ ಅವರ ಜೀವಮಾನದ ಕಲೆಯೇ ಸಾಕ್ಷಿ. ಮೈಸೂರು ರಾಜ್ಯದಲ್ಲಿಯೂ ಸುಶಿಕ್ಷಿತರ ಮನಸ್ಸು ನಿಧಾನವಾಗಿ ತಿರುಗಿತು. ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಯು. ಎಸ್. ಕೃಷ್ಣರಾಯರೂ ಅವರ ಪತ್ನಿ ಚಂದ್ರಭಾಗಾದೇವಿಯವರೂ ತಾಯಮ್ಮನವರಲ್ಲಿ ಕಲಿತು ನಾಡು ಹೊರನಾಡುಗಳಲ್ಲಿ ನರ್ತಿಸಿದರು. ನಮ್ಮ ವಿಜ್ಞಾನ ವಿಭಾಗದ ಗುರುಗಳು ಇದನ್ನು ಗಮನಿಸಬೇಕೆಂದು ನನ್ನ ವಿನಯದ ವಿನಂತಿ!

1939ನೆಯ ಇಸವಿ ವೆಂಕಟಲಕ್ಷಮ್ಮನವರ ಬಾಳಿನಲ್ಲಿ ದೊಡ್ಡ ವರುಷ. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯನ್ನಾಗಿ ನೇಮಿಸಿದರು. ತಾಂಡಾದಿಂದ ಬಂದ ಹುಡುಗಿ 33ನೆಯ ವಯಸ್ಸಿನಲ್ಲಿ, ಗುರುವು ಹೆಸರು ಗಳಿಸಿದ ಅದೇ ಆಸ್ಥಾನದ ಗೌರವಕ್ಕೆ ಪಾತ್ರಳಾದಳು. ಮರುವರುಷವೇ, 1940ರಲ್ಲಿ, ನಾಲ್ವಡಿಯವರು ಕಾಲವಾದರು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು, ಸಂಗೀತದ ಮರ್ಮ ಬಲ್ಲವರು. ಅವರ ಆಸ್ಥಾನದಲ್ಲಿಯೂ ವೆಂಕಟಲಕ್ಷಮ್ಮನವರ ಗೌರವ ಮುಂದುವರಿಯಿತು.

ಆದರೆ ಆಸ್ಥಾನಗಳ ಆಯುಷ್ಯವೇ ಮುಗಿಯುತ್ತ ಬಂದಿತ್ತು. 1947ರಲ್ಲಿ ದೇಶ ಸ್ವತಂತ್ರವಾಯಿತು. ಅದೇ ವರುಷ ತಾಯಮ್ಮನವರು 90 ವರುಷಗಳ ತುಂಬು ಬಾಳನ್ನು ಮುಗಿಸಿದರು. 1950ರಲ್ಲಿ ಮೈಸೂರು ಸಂಸ್ಥಾನವು ಗಣರಾಜ್ಯದ ಒಂದು ಭಾಗವಾಯಿತು. ಮೂರೇ ವರುಷಗಳಲ್ಲಿ ವೆಂಕಟಲಕ್ಷಮ್ಮನವರ ತಲೆಯ ಮೇಲಿನ ಎರಡು ನೆರಳುಗಳೂ, ಗುರುವಿನದು ಮತ್ತು ಅರಸರದು, ಸರಿದು ಹೋದಂತಾಯಿತು. ಇಂಥ ಸಂದರ್ಭದಲ್ಲಿ ಅನೇಕ ಸಂಸ್ಥಾನಗಳ ಕಲಾವಿದರು ದಿಕ್ಕುಗೆಟ್ಟರು. ಎಷ್ಟೋ ವಿದ್ಯೆಗಳು ಬಲ್ಲವರ ಸಂಗಡ ಮಣ್ಣಾದವು. ಅರಸರಿಲ್ಲದ ನಾಡಿನಲ್ಲಿ ಅರಮನೆಯ ವಿದ್ಯೆಯನ್ನು ಯಾರಿಗೆ ಕೊಡಬೇಕು? ವೆಂಕಟಲಕ್ಷಮ್ಮನವರ ಜೀವನದ ಉತ್ತರಾರ್ಧವೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರವೆಂದು ನನಗೆ ತೋರುತ್ತದೆ.

ಅವರು ಕಲಿಯಲು ಬಂದವರಿಗೆ ಕೊಟ್ಟರು. ಮೈಸೂರಿನಲ್ಲಿ ಭಾರತೀಯ ನೃತ್ಯ ನಿಕೇತನವೆಂಬ ತಮ್ಮದೇ ಸಂಸ್ಥೆಯನ್ನು ತೆರೆದರು. ಒಂದು ತಲೆಮಾರಿನ ಹಿಂದೆ ಯಾವ ಮನೆಗಳು ನಾಟ್ಯದ ಹೆಸರಿಗೆ ಮೂಗು ಮುರಿದಿದ್ದವೋ ಅದೇ ಬಗೆಯ ಮನೆಗಳ ಹೆಣ್ಣುಮಕ್ಕಳು ಅವರ ಮುಂದೆ ಕುಳಿತು ಕಲಿಯತೊಡಗಿದರು. 1964ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಅವರಿಗೆ ಬಂದಿತು. ಮರುವರುಷ, 1965ರಲ್ಲಿ, ಮೈಸೂರು ವಿಶ್ವವಿದ್ಯಾಲಯವು ನೃತ್ಯ ವಿಭಾಗವನ್ನು ತೆರೆದಾಗ ಅದರ ಮೊದಲ ರೀಡರ್ ಆಗಿ ಬಂದವರು ವೆಂಕಟಲಕ್ಷಮ್ಮನವರು.

ಇದರ ಮಹತ್ವವನ್ನು ಕಾಲೇಜಿನಲ್ಲಿರುವ ನಾವು ಚೆನ್ನಾಗಿ ತಿಳಿಯಬಲ್ಲೆವು. ರೀಡರ್ ಎಂಬುದು ನಮ್ಮ ಪ್ರಾಧ್ಯಾಪಕರು ಪದವಿಗಳ ಮೇಲೆ ಪದವಿ ಗಳಿಸಿ, ಬಹಳ ವರುಷ ದುಡಿದು ಏರುತ್ತಿದ್ದ ಸ್ಥಾನ. ವೆಂಕಟಲಕ್ಷಮ್ಮನವರ ವಿದ್ಯೆಯೆಲ್ಲ ಗುರುವಿನ ಮನೆಯ ವಿದ್ಯೆ. ಅವರು ಆ ಕುರ್ಚಿಯಲ್ಲಿ ಕುಳಿತಾಗ 59 ವರುಷ. ಅನೇಕರು ನಿವೃತ್ತರಾಗಿ ಮನೆ ಸೇರುವ ವಯಸ್ಸು. ಅಲ್ಲಿಂದ ಒಂಬತ್ತು ವರುಷ ಕಲಿಸಿ 1974ರಲ್ಲಿ ನಿವೃತ್ತಿ ಹೊಂದಿದರು. ಗುರುಕುಲದಲ್ಲಿ ಒಬ್ಬ ಶಿಷ್ಯೆಗೆ ಮೂವತ್ತು ವರುಷ ಸಿಕ್ಕಿತ್ತು. ಇಲ್ಲಿ ಪಠ್ಯಕ್ರಮ, ವರ್ಗ, ಪರೀಕ್ಷೆಗಳ ನಡುವೆ ಹಲವರಿಗೆ ಕೆಲವೇ ವರುಷ. ಕಣ್ಣಿನ ನೋಟಕ್ಕೆ ಅಂಕ ಕೊಡುವುದು ಸುಲಭದ ಮಾತಲ್ಲ. ಗುರುಕುಲದ ಆಳವೆಲ್ಲ ವರ್ಗದ ಕೋಣೆಯಲ್ಲಿ ಹಿಡಿಸದೆಂಬುದು ನಿಜವೇ. ಆದರೂ ಬಾಗಿಲು ತೆರೆದ ಲಾಭ ದೊಡ್ಡದು. ಯಾವ ಮನೆತನದವರಾದರೂ ಅರ್ಜಿ ಬರೆದು, ಶುಲ್ಕ ಕಟ್ಟಿ, ನಾಟ್ಯವನ್ನು ಇತಿಹಾಸ ಅರ್ಥಶಾಸ್ತ್ರಗಳ ಹಾಗೆಯೇ ಒಂದು ವಿದ್ಯೆಯೆಂದು ಕಲಿಯಲು ಹಾದಿಯಾಯಿತು.

ಅವರಿಂದ ಕಲಿತವರು ಮುಂದೆ ತಾವೇ ಗುರುಗಳಾದರು. ಬೆಂಗಳೂರಿನ ಲಲಿತಾ ಶ್ರೀನಿವಾಸನ್‌ರವರು ಅವರಲ್ಲಿ ಅಭಿನಯವನ್ನು ಕಲಿತು, ಮೈಸೂರು ಶೈಲಿಯನ್ನು ತಮ್ಮ ನೂಪುರ ಸಂಸ್ಥೆಯ ಮೂಲಕ ಮುಂದಿನವರಿಗೆ ಕಲಿಸಿದರು. ತಾಯಮ್ಮನವರು ಹುಟ್ಟಿದ 1857ರಿಂದ ಎಣಿಸಿದರೆ ಈ ಸರಪಳಿ ನಮ್ಮ ಕಾಲದವರೆಗೆ ಒಂದೂವರೆ ಶತಮಾನಕ್ಕೂ ಉದ್ದವಾಗಿದೆ. ಅದರ ನಡುವಣ ಕೊಂಡಿ ವೆಂಕಟಲಕ್ಷಮ್ಮನವರು. ಆ ಒಂದು ಕೊಂಡಿ ಸಡಿಲಿದ್ದರೆ ಮೈಸೂರಿನ ಅಭಿನಯವನ್ನು ಇಂದು ನಾವು ಹಳೆಯ ಪುಸ್ತಕಗಳಲ್ಲಿ ಹುಡುಕಬೇಕಾಗುತ್ತಿತ್ತು.

ಗೌರವಗಳು ತಾವಾಗಿಯೇ ಬಂದವು. 1977ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿತು. ರಾಜ್ಯ ಸರಕಾರದ ನಾಟ್ಯರಾಣಿ ಶಾಂತಲಾ ಪ್ರಶಸ್ತಿಯೂ ಅವರದಾಯಿತು. ಭಾರತ ಸರಕಾರವು 1992ರಲ್ಲಿ ಪದ್ಮಭೂಷಣವನ್ನು ಕೊಟ್ಟು ಮನ್ನಿಸಿತು. ಆಗ ಅವರಿಗೆ 86 ವರುಷ. ಗುರುವಿನಂತೆ ಅವರೂ ದೀರ್ಘಾಯುಷಿಗಳು. 2002ರ ಜುಲೈ 1ರಂದು, 96ನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು.

ಈ ಬಾಳನ್ನು ಒಟ್ಟಾಗಿ ನೋಡಿದರೆ ನನಗೆ ಮೂರು ಮನೆಗಳು ಕಾಣುತ್ತವೆ. ಗುರುವಿನ ಮನೆ, ಅರಸರ ಮನೆ, ವಿದ್ಯಾಪೀಠವೆಂಬ ಮನೆ. ಮೊದಲನೆಯದರಲ್ಲಿ ವೆಂಕಟಲಕ್ಷಮ್ಮನವರು ಪಡೆದರು, ಎರಡನೆಯದರಲ್ಲಿ ತೋರಿಸಿದರು, ಮೂರನೆಯದರಲ್ಲಿ ಕೊಟ್ಟರು. ಈ ಮೂರರಲ್ಲಿ ಯಾವುದೂ ಅವರ ಹುಟ್ಟಿನ ಹಕ್ಕಿನಿಂದ ಬಂದುದಲ್ಲ. ವಿನಾಪೋಟಿಯ ಮಾಣಿಕ್ಯದ ಪೀಠವಾಗಲಿ ಬೆಳ್ಳಿಯ ಕೊಡೆಯಾಗಲಿ ಈಗ ಮಹಾಕೂಟದಲ್ಲಿಲ್ಲ. ಕಲ್ಲಿನ ಮೇಲಿನ ಬರಹವಷ್ಟೇ ಇದೆ. ವೆಂಕಟಲಕ್ಷಮ್ಮನವರ ದಾನ ಹಾಗಲ್ಲ. ಅದು ಕೊಟ್ಟಷ್ಟೂ ಶಿಷ್ಯೆಯರ ಕೈಗಳಲ್ಲಿ, ಅವರ ಶಿಷ್ಯೆಯರ ಕೈಗಳಲ್ಲಿ ಹೊಸದಾಗುತ್ತ ಹೋಗುವ ಬಗೆಯದು.

ಕೊನೆಗೆ ಒಂದು ಮಾತು. ಪ್ರತಿಭೆಯಿದ್ದವರು ಹೇಗಾದರೂ ಮೇಲೆ ಬರುತ್ತಾರೆಂದು ನಾವು ಚರ್ಚಾಕೂಟಗಳಲ್ಲಿ ಸುಲಭವಾಗಿ ಹೇಳುವುದುಂಟು. ಈ ಜೀವನವನ್ನು ಓದಿದ ಮೇಲೆ ಆ ಮಾತು ನನಗೆ ಅರ್ಧ ಸತ್ಯವೆಂದು ತೋರುತ್ತದೆ. ತಂಗಲಿ ತಾಂಡಾದಲ್ಲಿ 1914ರಲ್ಲಿ ಲಯಬಲ್ಲ ಹುಡುಗಿಯರು ಇನ್ನೂ ಅನೇಕರು ಇದ್ದಿರಬೇಕು. ಅವರಲ್ಲಿ ಒಬ್ಬಳ ಕೈಹಿಡಿದು ಅಜ್ಜ ಅಜ್ಜಿಯರು ನಡೆದರು. ಇನ್ನೊಂದು ಕೊನೆಯಲ್ಲಿ ಜಾತಿ ಊರು ಕೇಳದೆ ಬಾಗಿಲು ತೆರೆಯುವ ಗುರುವೊಬ್ಬರಿದ್ದರು. ಪ್ರತಿಭೆ ಆ ಎರಡರ ನಡುವೆ ಬೆಳೆಯಿತು. ನಮ್ಮ ಹುನಗುಂದ, ಇಳಕಲ್ಲ ಸೀಮೆಯ ತಾಂಡಾಗಳಲ್ಲಿಯೂ ಎಂಟು ವರುಷದ ಹುಡುಗಿಯರಿದ್ದಾರೆ. ಸುಗ್ಗಿ ಮುಗಿದೊಡನೆ ಅವರಲ್ಲಿ ಕೆಲವರು ಕಬ್ಬಿನ ಗಾಡಿ ಏರುತ್ತಾರೆ. ನಾಳೆ ಶಿಕ್ಷಕರಾಗಿ ಅದೇ ಊರುಗಳಿಗೆ ಹೋಗುವವರು ನಮ್ಮ ನಿಮ್ಮಲ್ಲಿಯೇ ಅನೇಕರಿದ್ದೇವೆ. ಆ ಹುಡುಗಿಯರ ಕೈ ಹಿಡಿಯುವ ಕೆಲಸ, ಬಾಗಿಲು ತೆರೆಯುವ ಕೆಲಸ, ಎರಡೂ ನಮ್ಮ ಪಾಲಿಗೆ ಬರಲಿವೆ.